ಹದಿನೇಳು ತಿರುಪಿನ ಕೋವಿ

ಚರ್ನಿ ರೋಬ್ ಬೆಟ್ಟದಲ್ಲಿ ಒಂದು ಕಜ್ಜಿ ಹೋತ ತಿರುಗುತ್ತಿದೆ, ಬೆದೆಗಾಲ ಶುರುವಾಗುವ ಮೊದಲು ಅದನ್ನು ಹೊಡೆಯಲೇಬೇಕು. ಅಕ್ಟೋಬರ್ ಕೊನೆಯ ಶುಕ್ರವಾರ ರೋಬ್ಯೆ ಹಳ್ಳಿಯ ಬೇಟೆ ಸಂಘ ಈ ತೀರ್ಮಾನಕ್ಕೆ ಬರಲು ತೆಗೆದುಕೊಂಡದ್ದು ಒಂದು ಲೋಟ ಸಾರಾಯಿ ಖಾಲಿಯಾಗುವಷ್ಟು ಹೊತ್ತು. ಸೋಚಾ ನದಿ ಹುಟ್ಟಿದ ಮೇಲೆ ಅದರ ಎರಡೂ ದಡದಲ್ಲಿ ಇಷ್ಟು ಬೇಗ ಮುಗಿದ ಸಭೆ ಇನ್ನೊಂದಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ನಮ್ಮ ಬಂಡೆಯಾಡುಗಳಿಗೆ, ಅಂದರೆ ಗಾಮ್ಸ್‌ಗಳಿಗೆ, ನವೆಂಬರಿನಲ್ಲಿ ಬೆದೆ. ಅಲ್ಲಿಯವರೆಗೆ ಒಂಟಿಯಾಗಿ ಅಲೆಯುವ ಹೋತಗಳು ಆಗ ಹೆಣ್ಣಾಡುಗಳ ಹಿಂಡಿಗೆ ನುಗ್ಗುತ್ತವೆ. ಕಜ್ಜಿಯ ಹೋತ ನುಗ್ಗಿತೋ, ಹಿಂಡಿಗೆ ಹಿಂಡೇ ಮೈ ತುರಿಸಿಕೊಂಡು, ಕೂದಲುದುರಿ, ಜನವರಿಯ ಹಿಮದಲ್ಲಿ ಒಂದೊಂದಾಗಿ ಬೀಳುತ್ತದೆ. ಇಪ್ಪತ್ತಾರು ವರ್ಷಗಳ ಹಿಂದೆ ಹೀಗೇ ಆಗಿ ಇನ್ನೂರರಲ್ಲಿ ಹನ್ನೊಂದು ಉಳಿದಿದ್ದವು. ಆ ಹನ್ನೊಂದು ಈಗ, ಕಜ್ಜಿ ಹೋತವನ್ನು ಬಿಟ್ಟು, ನಲವತ್ತಮೂರಾಗಿದ್ದವು. ನಲವತ್ತಮೂರರ ಹೆಸರನ್ನೂ ಬಲ್ಲವರು ನಮ್ಮಲ್ಲಿದ್ದರು. ತಮ್ಮ ಮೊಮ್ಮಕ್ಕಳ ಹೆಸರಿನಲ್ಲಿ ಮಾತ್ರ ತಡವರಿಸುತ್ತಿದ್ದರು.

ಹೊಡೆಯುವವರು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ಅಂಚೆ ಹಂಚುವ ತಿಂಕಾರಾ. ಮೂವತ್ತೊಂದು ವರ್ಷದ ಈ ಹೆಂಗಸು ಬೇಸಿಗೆಯ ಗುರಿ ಸ್ಪರ್ಧೆಯಲ್ಲಿ ನೂರು ಮೀಟರಿಗೆ ಐದು ಗುಂಡು ಹಾಕಿದ್ದಳು. ಐದೂ ತೂತುಗಳನ್ನು ಒಂದು ಹೇಝಲ್ ಕಾಯಿಯಿಂದ ಮುಚ್ಚಬಹುದಿತ್ತು. ಅದೂ ಹಕ್ಕಿ ಕೊರೆದು ತಿಂದು ಬಿಟ್ಟ ಕಾಯಿ.

ಯಾವ ಕೋವಿ ಎಂಬುದಕ್ಕೂ ಒಂದೇ ಉತ್ತರ: ಸಂಘದ ಕೋವಿ.

ಆ ಕೋವಿಯ ಕತೆ ಹೇಳದೆ ಬೆಟ್ಟ ಹತ್ತುವಂತಿಲ್ಲ. ಭಾನುವಾರ ಗುರಿ ಹಲಗೆಗೂ ಸೋಮವಾರ ಬೆಟ್ಟಕ್ಕೂ, ಆಡಿಗೂ ಕಾಡುಹಂದಿಗೂ ಒಂದೇ ಕೋವಿ ಸಾಕಾಗಬೇಕು ಎಂದು ಸಂಘ ವಸಂತದಲ್ಲಿ ನಿರ್ಧರಿಸಿತ್ತು. ಮಾಡುವ ಕೆಲಸ ಓಝ್ಬೆಯದು. ಅರವತ್ತೆಂಟರ ಈ ಕೋವಿ ಕಮ್ಮಾರ ಒಂದು ತಿರುಪನ್ನು ಬಾಯಲ್ಲಿಟ್ಟುಕೊಂಡೇ ಮಾತಾಡುತ್ತಾನೆ, ಅದನ್ನಿಟ್ಟುಕೊಂಡೇ ಮಲಗುತ್ತಾನೆ. ಅವನು ಏಳು ಮಿಲಿಮೀಟರಿನ ನಳಿಗೆ ಆರಿಸಿದ. ತೆಳ್ಳಗಿನದು ಎರಡು ಗುಂಡಿಗೇ ಬಿಸಿಯಾಗಿ ದಾರಿ ತಪ್ಪುತ್ತದೆ, ದಪ್ಪನೆಯದು ಹೆಗಲು ಮುರಿಯುತ್ತದೆ ಎಂದು ನಡುತರದ್ದನ್ನೇ ಹಿಡಿದ. ತನ್ನ ಅಟ್ಟದ ಮೇಲೆ ಇಪ್ಪತ್ತೆರಡು ವರ್ಷ ಒಣಗಿದ್ದ ಅಕ್ರೋಟು ಮರವನ್ನು ಇಳಿಸಿ, ತಿಂಕಾರಾಳ ಮೊಳಕೈಯಿಂದ ಬೆರಳಿನವರೆಗೆ ಅಳೆದು, ಕೋವಿಯ ಮರ ಕೆತ್ತಿದ. ಮೂತಿಯ ತುದಿಯಲ್ಲಿ, ಗುರಿ ಹಿಡಿಯುವುದಕ್ಕೆ, ನಾವು ನೊಣ ಅನ್ನುವ ಪುಟ್ಟ ಕಬ್ಬಿಣದ ಗುಬುಟು ಕೂರಿಸಿದ. ಅಲ್ಲಿಗೆ ಕೋವಿ ಮುಗಿದಿತ್ತು.

ಸಂಘ ಮಾತ್ರ ಮುಗಿದಿರಲಿಲ್ಲ.

"ದುರ್ಬೀನು ಬೇಡ್ವಾ?" ಅಂದರು ಪಶುವೈದ್ಯರು. ಬಾಲ್ಟಿಯಷ್ಟು ಬಾಯಿಯ ದುರ್ಬೀನು ಬಂತು, ನಾಲ್ಕು ತಿರುಪು. ಹಲ್ಲಿನ ವೈದ್ಯರು ಏರಿಸಿ ಇಳಿಸಬಹುದಾದ ಉಕ್ಕಿನ ಕೆನ್ನೆದಿಂಬು ತಂದರು, ಅದಕ್ಕೆ ನಾಲ್ಕು. ಗಿರಣಿಯವನು ಒದೆತ ತಗ್ಗಿಸುವ ಕೊಳವೆಯನ್ನು ಮೂತಿಗೆ ತೊಡಿಸಿದ, ಎರಡು. ಸಂಘದ ಅಧ್ಯಕ್ಷ ಬೋಲ್ತೆಝಾರ್ ಕೋವಿಯನ್ನು ನೆಲಕ್ಕೂರಿ ನಿಲ್ಲಿಸಲು ಮುಂದಕ್ಕೆ ಎರಡು ಉಕ್ಕಿನ ಊರುಗಾಲು ಬೇಕೆಂದ, ಮೂರು. ಇಪ್ಪತ್ತಮೂರು ಸದಸ್ಯರ ಹೆಸರು ಕೆತ್ತಿದ ಹಿತ್ತಾಳೆ ಫಲಕವೂ ಅವನದೇ ಐಡಿಯಾ, ಮತ್ತೆ ನಾಲ್ಕು. ಓಝ್ಬೆ ಯಾವುದಕ್ಕೂ ಬೇಡ ಅನ್ನಲಿಲ್ಲ.

"ತಿರುಪಲ್ಲಿ ಹತ್ತಿದ್ದು ತಿರುಪಲ್ಲೇ ಇಳಿಯುತ್ತೆ" ಅಂದ, ಅಷ್ಟೇ.

ಕೋವಿ ಎಂಟು ಕಿಲೋ ತೂಗುತ್ತಿತ್ತು ಎಂದು ತಕ್ಕಡಿ ಹೇಳಿತು. ತಕ್ಕಡಿ ಅಂಜುಬುರುಕ. ಹಾಲು ಕುಡಿಯುವ ಕರುವನ್ನು ಹೆಗಲ ಮೇಲೆ ಹೊತ್ತವರಿಗೆ ನಿಜವಾದ ತೂಕ ಗೊತ್ತು.

ಶನಿವಾರ ಬೆಳಕು ಹರಿಯುವಾಗ ಮೂವರು ಹೊರಟರು. ತಿಂಕಾರಾ ಹೊಡೆಯಲು, ಓಝ್ಬೆ ಕೋವಿಯ ಯೋಗಕ್ಷೇಮಕ್ಕೆ, ಬೋಲ್ತೆಝಾರ್ ಸಾಕ್ಷಿಗೆ. ಅಧ್ಯಕ್ಷ ಹೆಜ್ಜೆಯಿಟ್ಟಾಗ ರೋಬ್ಯೆಯ ಕಿಟಕಿ ಗಾಜುಗಳು ನಡುಗುತ್ತಿದ್ದವು.

"ಒಳ್ಳೆ ನೋಟ ಸಿಗಲಿ!" ಎಂದು ಬಾಗಿಲಲ್ಲಿ ನಿಂತವರು ಕೂಗಿದರು. ಬೇಟೆಗೆ ಹೊರಟವರಿಗೆ ನಮ್ಮಲ್ಲಿ ಹಾರೈಸುವುದು ಇಷ್ಟನ್ನೇ. ಒಳ್ಳೆ ಬೇಟೆ ಸಿಗಲಿ ಅಂದರೆ ಅಪಶಕುನ.

ಬೀಚ್ ಮರಗಳ ಕಾಡು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಎಲೆಗಳು ಮೊಣಕಾಲಿನವರೆಗೆ. ಅದರ ಮೇಲೆ ಹಳದಿ ಸೂಜಿ ಉದುರಿಸುತ್ತ ನಿಂತ ಲಾರ್ಚ್ ಮರಗಳು. ಅದಕ್ಕೂ ಮೇಲೆ, ಬೆಟ್ಟದ ಎದೆಯ ಕೂದಲಿನಂತೆ, ಕುಳ್ಳ ಪೈನ್ ಪೊದೆಗಳು. ಈ ಪೊದೆ ಮನುಷ್ಯನ ಸೊಂಟದೆತ್ತರ ಬೆಳೆಯುತ್ತದೆ, ಅಡ್ಡಡ್ಡ ಬೆಳೆಯುತ್ತದೆ, ಒಳಗೆ ಹೋದವನ ಜೇಬು ತಡಕುತ್ತದೆ. ಅದಕ್ಕೂ ಮೇಲೆ ಬರೀ ಸುಣ್ಣಕಲ್ಲು, ಬಿಳಿ, ಬಿಸಿಲು ಬಿದ್ದರೆ ಕಣ್ಣು ಕುಕ್ಕುವಷ್ಟು. ಆದರೆ ಅಂದು ಬಿಸಿಲಿರಲಿಲ್ಲ. ನೆತ್ತಿಯ ಮೇಲೆ ಮಂಜು ಕೂತು ಕೆಳಗೆ ಇಣುಕುತ್ತಿತ್ತು.

ಪೈನ್ ಪೊದೆಯಲ್ಲಿ ನೂರು ಹೆಜ್ಜೆ ಹೋಗಲು ಒಂದು ಗಂಟೆ ಹಿಡಿಯಿತು. ಕೋವಿಯ ಊರುಗಾಲುಗಳು ಸಿಕ್ಕ ಸಿಕ್ಕ ಕೊಂಬೆಗೆ ತಗಲಿಕೊಂಡವು. ತಿಂಕಾರಾ ಬಿಡಿಸುತ್ತಾಳೆ, ಮತ್ತೆ ಸಿಕ್ಕುತ್ತದೆ.

"ಅಧ್ಯಕ್ಷರೇ, ನಿಮ್ಮ ಕಾಲು ಬೆಟ್ಟಕ್ಕೆ ಬರಲ್ಲ ಅಂತಾ ಇದೆ" ಅಂದಳು.

"ಕಾಲಿಲ್ಲದ ಕೋವಿ ಕುಂಟು ಕೋವಿ, ತಿಂಕಾರಾ."

ಓಝ್ಬೆ ಜೇಬಿನಿಂದ ತಿರುಪುಳಿ ತೆಗೆದ. ಮೂರು ಸುತ್ತು, ಮೂರು ತಿರುಪು. ಊರುಗಾಲು ಕೈಗೆ ಬಂತು. ಅದನ್ನು ಬೋಲ್ತೆಝಾರ್‌ನ ಬೆನ್ನುಚೀಲಕ್ಕೆ ಸಿಕ್ಕಿಸಿದ. "ಯಾರ ಸಲಹೆಯೋ ಅವರ ಚೀಲ."

ಲಾರ್ಚ್ ಕೋಲು ಹಿಡಿದು ಕಲ್ಲುರಾಶಿ ದಾಟುವಾಗ ಫಲಕವೂ ಇಳಿಯಿತು. ಮೋಡ ಬಿರಿದು ಬಿಸಿಲ ಕೋಲೊಂದು ಬಿದ್ದಾಗ ಹಿತ್ತಾಳೆ ಹೊಳೆದು, ಎದುರು ಬಂಡೆಯ ಮೇಲಿದ್ದ ಎರಡು ಮರಿಯಾಡುಗಳು ಸಿಳ್ಳೆ ಹೊಡೆದು ಓಡಿದವು.

"ಇಪ್ಪತ್ತಮೂರು ಜನರ ಹೆಸರು ಕಂಡು ಹೆದರಿದವು" ಅಂದ ಬೋಲ್ತೆಝಾರ್, ಹೆಮ್ಮೆಯಿಂದ.

"ಮೊದಲನೇ ಹೆಸರು ಓದಿಯೇ ಓಡಿದ್ವು" ಅಂದ ಓಝ್ಬೆ. ಮೊದಲ ಹೆಸರು ಅಧ್ಯಕ್ಷನದು.

ಬಂಡೆಯ ಇರುಕಿನಲ್ಲಿ ನುಸುಳಿ ಹತ್ತುವಾಗ ಕೆನ್ನೆದಿಂಬು ತಿಂಕಾರಾಳ ಪಕ್ಕೆಲುಬಿಗೆ ಚುಚ್ಚಿತು. ಅದೂ ಹೋಯಿತು. ಬೋಲ್ತೆಝಾರ್‌ನನ್ನು ಆ ಇರುಕಿನಲ್ಲಿ ಕೆಳಗಿಂದ ನೂಕಿ ಮೇಲಿಂದ ಎಳೆದ ಬಗೆಯನ್ನು ವಿವರಿಸುವುದು ಮರ್ಯಾದೆಯಲ್ಲ. ಅಂದಿನಿಂದ ಆ ಇರುಕು ನಾಲ್ಕು ಬೆರಳು ಅಗಲವಾಗಿದೆ ಎಂದಷ್ಟೇ ಹೇಳಬಹುದು.

ಮಧ್ಯಾಹ್ನ ಒಂದು ಹೊರಚಾಚಿನ ಕೆಳಗೆ ಕೂತು ಚೀಸ್, ರೊಟ್ಟಿ, ಹೊಗೆಯಾಡಿಸಿದ ಸಾಸೇಜು ತಿಂದರು. ಮುಂದೆ ದಾರಿ ಎಂದರೆ ಬಂಡೆಯ ಗೋಡೆಗೆ ಅಂಟಿದ ಒಂದು ಪಟ್ಟಿ. ಅಗಲ ಮೂರು ಗೇಣು. ಎಡಕ್ಕೆ ಬೆಟ್ಟ. ಬಲಕ್ಕೆ ಏನೂ ಇಲ್ಲ.

ಮೊದಲು ತಿಂಕಾರಾ. ಹಿಂದೆ ಓಝ್ಬೆ. ಕೊನೆಗೆ ಬೋಲ್ತೆಝಾರ್.

ಹದಿನೈದು ಹೆಜ್ಜೆ.

ಹದಿನಾರನೆಯದರಲ್ಲಿ ಕಲ್ಲು ಕಿತ್ತುಬಂತು.

ಅಧ್ಯಕ್ಷ ಸರ್ರನೆ ಜಾರಿದ. ಸೊಂಟ ಹೋಯಿತು, ಎದೆ ಹೋಯಿತು, ಟೋಪಿ ಮಾತ್ರ ಅಂಚಿನ ಮೇಲೆ ಉಳಿಯಿತು.

ಆಮೇಲೆ ಕಟಕ್ ಎಂಬ ಸದ್ದು.

ಜಾರುವುದು ನಿಂತಿತು.

ತಿಂಕಾರಾ ಹೊಟ್ಟೆಯ ಮೇಲೆ ಮಲಗಿ ಇಣುಕಿದಳು. ಒಂದಾಳುದ್ದ ಕೆಳಗೆ ಬಿರುಕಿನಲ್ಲಿ ಬೆಳೆದ ಕುಳ್ಳ ಪೈನೊಂದಕ್ಕೆ ಊರುಗಾಲಿನ ಉಕ್ಕಿನ ಕೊಕ್ಕೆ ಸಿಕ್ಕಿಕೊಂಡಿತ್ತು. ಊರುಗಾಲಿಗೆ ಚೀಲ, ಚೀಲಕ್ಕೆ ಬೋಲ್ತೆಝಾರ್.

"ಅಲ್ಲಾಡಬೇಡಿ!"

"ಅಲ್ಲಾಡ್ತಾ ಇರೋದು ನಾನಲ್ಲ, ಮರ!"

ಕೋವಿಯ ಗುಂಡು ತೆಗೆದು, ಅಗಲವಾದ ತೊಗಲುಪಟ್ಟಿ ಬಿಚ್ಚಿ, ಅದಕ್ಕೆ ಹಗ್ಗ ಸೇರಿಸಿ ಇಳಿಬಿಟ್ಟರು. ಇಬ್ಬರು ಸೇರಿ ಒಬ್ಬ ಅಧ್ಯಕ್ಷನನ್ನು ಎಳೆದರು. ಬೆಟ್ಟ ಒಂದು ಕಡೆಗೆ ವಾಲಿತು. ಕೊನೆಗೂ ಅವನ ಕೆಂಪು ಮುಖ ಅಂಚಿನ ಮೇಲೆ ಸೂರ್ಯನಂತೆ ಮೂಡಿತು.

ಉಸಿರು ಬಂದ ಮೇಲೆ ಅವನು ಹೇಳಿದ ಮೊದಲ ಮಾತು: "ಊರುಗಾಲು ಬೇಕು ಅಂತ ನಾನು ಹೇಳಿದ್ನೋ ಇಲ್ವೋ?"

ಬಂಡೆಪಟ್ಟಿಯ ತುದಿಯಲ್ಲಿ ಒಂದು ಮೂಗುಬಂಡೆ. ಅಲ್ಲಿಂದ ಮುಂದೆ ದಾರಿಯಿಲ್ಲ. ಮಂಜು ಒಮ್ಮೆ ಮುಚ್ಚಿ ಒಮ್ಮೆ ತೆರೆಯುತ್ತಿತ್ತು. ತೆರೆದಾಗ ಕೆಳಗಿನ ಕೊರಕಲು ಕಾಣಿಸಿತು, ಕೊರಕಲಿನಲ್ಲಿ ಹೋತ.

ಬೆನ್ನು ಬೋಳು. ಕುತ್ತಿಗೆಯ ಚರ್ಮ ಒಣಗಿದ ತೊಗಲಿನಂತೆ ಬಿರಿದಿತ್ತು. ಬಂಡೆಗೆ ಮೈಯುಜ್ಜುತ್ತದೆ, ನಾಲ್ಕು ಹೆಜ್ಜೆ ನಡೆಯುತ್ತದೆ, ಮತ್ತೆ ಉಜ್ಜುತ್ತದೆ. ನಡೆಯುತ್ತಿದ್ದುದು ಆಚೆಯ ದಿಬ್ಬದ ಕಡೆಗೆ. ದಿಬ್ಬದ ಹಿಂದೆ ಹೆಣ್ಣಾಡುಗಳ ಸಿಳ್ಳೆ ಕೇಳಿಸುತ್ತಿತ್ತು.

"ಬೆದೆಗೆ ಇನ್ನೂ ಒಂದು ವಾರ ಇದೆ ಅಂದಿದ್ರಲ್ಲ!" ಬೋಲ್ತೆಝಾರ್ ಪಿಸುಗುಟ್ಟಿದ. ಅವನ ಪಿಸುಮಾತು ಇಟಲಿಯಲ್ಲೂ ಕೇಳಿಸುವಂಥದ್ದು.

"ಅದಕ್ಕೆ ಕ್ಯಾಲೆಂಡರ್ ಓದೋಕೆ ಬರಲ್ಲ" ಅಂದ ಓಝ್ಬೆ.

ತಿಂಕಾರಾ ತೊಗಲುಪಟ್ಟಿಯನ್ನು ಮತ್ತೆ ಕೋವಿಗೆ ಸಿಕ್ಕಿಸಿ, ತೋಟಾ ತುಂಬಿ, ದುರ್ಬೀನಿಗೆ ಕಣ್ಣಿಟ್ಟಳು. ಬರೀ ಬೂದು. ತಗ್ಗಿಸಿದರೂ ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವ ಆ ದುರ್ಬೀನು ಹನ್ನೆರಡು ಪಟ್ಟು ದೊಡ್ಡ ಮಂಜನ್ನು ತೋರಿಸಿತು. ಕಣ್ಣು ತೆಗೆದರೆ ಹೋತ ಚೆನ್ನಾಗಿಯೇ ಕಾಣುತ್ತಿತ್ತು.

"ಓಝ್ಬೆ ಮಾವ, ಇದನ್ನೂ ಬಿಚ್ಚಿ."

ನಾಲ್ಕು ತಿರುಪು. ಓಝ್ಬೆ ನಿಲ್ಲಿಸಲಿಲ್ಲ, ಮೂತಿಯ ಕೊಳವೆಯನ್ನೂ ಹಿಡಿದ.

"ಅದ್ಯಾಕೆ?" ಅಂದಳು ತಿಂಕಾರಾ.

"ಜೂನ್‌ನಲ್ಲಿ, ಇವರ ಸಲಹೆಗಳೆಲ್ಲ ಬರೋಕೆ ಮುಂಚೆ, ಬರಿಗೋವಿ ಇಟ್ಕೊಂಡು ನೂರು ಮೀಟರಿಗೆ ನೊಣ ಕೂರಿಸಿದೀನಿ. ಮೂತಿ ಮೇಲೆ ಭಾರ ಇದ್ರೆ ನಳಿಗೆ ಬೇರೆ ಥರ ನಡುಗುತ್ತೆ, ಗುಂಡು ಬೇರೆ ಕಡೆ ಹೋಗುತ್ತೆ. ಬರಿಗೋವಿ ಎಲ್ಲಿ ಹೊಡೆಯುತ್ತೆ ಅಂತ ನಂಗೊತ್ತು. ಅರೆಬರೆ ಬಿಚ್ಚಿದ್ದು ಎಲ್ಲಿ ಹೊಡೆಯುತ್ತೆ ಅಂತ ಸೈತಾನನಿಗೆ ಗೊತ್ತು."

ಹದಿನೇಳೂ ಇಳಿದವು. ತಿಂಕಾರಾ ಕೋವಿಯನ್ನು ಕೈಯಲ್ಲಿ ತೂಗಿ ನೋಡಿದಳು. ಮೂರು ಕಿಲೋ ಚಿಲ್ಲರೆ. ಹಗುರಾಗಿದ್ದು ಮಾತ್ರವಲ್ಲ, ಕೆನ್ನೆಗೆ ತಾನೇ ಬಂದು ಒರಗಿತು. ಜೂನಿನಿಂದ ಇದು ಅಷ್ಟೊಂದು ಕಬ್ಬಿಣದ ಕೆಳಗೆ ಅಡಗಿ ಕೂತಿತ್ತೆ? ಅವಳಿಗೆ ಒಳಗೊಳಗೇ ನಗು ಬಂತು.

"ಎಷ್ಟು ದೂರ?"

"ನೂರ ನಲವತ್ತು ಮೀಟರ್."

"ಹಾಗಾದ್ರೆ ಸ್ವಲ್ಪ ಮೇಲೆ ಹಿಡೀಲಾ?"

"ಬೇಡ. ಕೆಳಮುಖ ನೋಡು, ಅರ್ಧ ಗೋಡೆ ಥರ ಇಳಿಜಾರು. ಭೂಮಿ ಗುಂಡನ್ನ ಜಗ್ಗೋದು ಅಡ್ಡಕ್ಕೆ ಎಷ್ಟು ದೂರ ಹೋಯ್ತೋ ಅಷ್ಟಕ್ಕೇ. ಇಲ್ಲಿಂದ ಗಾರೆಯವರ ಥರ ಒಂದು ತೂಕದ ದಾರ ನೇರ ಕೆಳಗೆ ಬಿಟ್ಟು, ಅದರ ತುದಿಯಿಂದ ಹೋತದವರೆಗೆ ನಡೆದ್ರೆ ಎಷ್ಟಾಗುತ್ತೆ?"

ಅವಳು ಕಣ್ಣಲ್ಲೇ ನಡೆದಳು. "ನೂರು."

"ಹೂಂ. ನಾನು ಕೂರಿಸಿರೋದೂ ನೂರಕ್ಕೇ. ಎಲ್ಲಿ ಬೇಕೋ ಅಲ್ಲೇ ಹಿಡಿ."

"ಐದು ತಿಂಗಳಲ್ಲಿ ಮರ ಏನಾದ್ರೂ ಬಾಗಿದ್ರೆ?"

ಓಝ್ಬೆ ಮೊದಲ ಬಾರಿಗೆ ಬಾಯಿಂದ ತಿರುಪು ತೆಗೆದ. "ಇಪ್ಪತ್ತೆರಡು ವರ್ಷ ಬಾಗಿಲ್ಲ. ಇವತ್ತು ಬಾಗಿದ್ರೆ ನಂಗೆ ಹೇಳು, ನಾನು ಕೆಲಸ ಬಿಡ್ತೀನಿ."

ಪರೀಕ್ಷೆಗೆ ಒಂದು ಗುಂಡು ಹಾರಿಸುವಂತಿರಲಿಲ್ಲ. ಹೋತ ಓಡಿದರೆ ದಿಬ್ಬದಾಚೆಗೇ ಓಡುತ್ತದೆ. ಇನ್ನೊಂದು ತೊಂದರೆಯಿತ್ತು. ಬಂಡೆಯ ಅಂಚು ಉಬ್ಬಿತ್ತು. ಮಲಗಿದರೆ ಕೊರಕಲು ಕಾಣದು, ಕೂತರೆ ಕೋವಿಗೆ ಆಸರೆಯಿಲ್ಲ. ಚೀಲ ಇಟ್ಟರು, ತಗ್ಗು.

ಇಬ್ಬರೂ ಏಕಕಾಲಕ್ಕೆ ಬೋಲ್ತೆಝಾರ್‌ನ ಕಡೆ ನೋಡಿದರು.

"ಏನು? ಏನ್ ಹಂಗೆ ನೋಡ್ತೀರಾ?"

"ಊರುಗಾಲು ಬಾಗಿದೆ, ಅಧ್ಯಕ್ಷರೇ" ಅಂದಳು ತಿಂಕಾರಾ. "ನೀವು ಅಡ್ಡ ಮಲಗಿ."

ರೊಟ್ಟಿಯ ಮೆತ್ತನೆ ಭಾಗ ನಾದಿ ಅವನ ಕಿವಿಗೆ ತುಂಬಿದರು. ಮೂತಿಯ ಕೊಳವೆ ಇದ್ದಿದ್ದರೆ ಸದ್ದೆಲ್ಲ ಪಕ್ಕಕ್ಕೆ ನುಗ್ಗಿ ಈಸ್ಟರ್‌ವರೆಗೆ ಕಿವುಡನಾಗಿರುತ್ತಿದ್ದ. ಅವನು ಅಂಚಿಗೆ ಅಡ್ಡಲಾಗಿ ಬೋರಲು ಮಲಗಿದ. ಅವಳು ಅವನ ಬೆನ್ನ ಮೇಲೆ ಟೋಪಿಯಿಟ್ಟು, ಮೂತಿಯನ್ನು ಅವನಾಚೆಗೆ ಚಾಚಿ, ಟೋಪಿಯ ಮೇಲೆ ಕೋವಿಯಿಟ್ಟಳು. ಸೋಚಾ ಕಣಿವೆಯಲ್ಲಿ ಅದಕ್ಕಿಂತ ಮೆತ್ತನೆಯ, ಅದಕ್ಕಿಂತ ಗಟ್ಟಿಯ ಆಸರೆ ಅವತ್ತಿಗೂ ಇಲ್ಲ, ಇವತ್ತಿಗೂ ಇಲ್ಲ.

ಮಂಜು ಮುಚ್ಚಿತು.

ಕಾದರು.

ತೆರೆಯಿತು. ಹೋತ ದಿಬ್ಬದಿಂದ ಇಪ್ಪತ್ತು ಹೆಜ್ಜೆಯಲ್ಲಿತ್ತು.

ಬೋಲ್ತೆಝಾರ್ ಉಸಿರೆಳೆದ. ನೊಣ ಆಕಾಶಕ್ಕೆ ಹೋಯಿತು. ಉಸಿರು ಬಿಟ್ಟ. ನೊಣ ಪಾತಾಳಕ್ಕೆ ಇಳಿಯಿತು.

ತಿಂಕಾರಾ ಅವನ ಪಕ್ಕೆ ತಿವಿದಳು. ಅಧ್ಯಕ್ಷ ಅರ್ಧ ಉಸಿರಲ್ಲಿ ನಿಂತ. ಬೆಟ್ಟ ನಿಂತಿತು. ಅವನ ಕಿವಿ ಕೆಂಪಾಯಿತು, ಆಮೇಲೆ ನೇರಳೆಯಾಯಿತು.

ಹದಿನೈದು ಹೆಜ್ಜೆ. ಹೋತ ನಿಂತು ಭುಜವನ್ನು ಕಲ್ಲಿಗೆ ಉಜ್ಜಿತು.

ನೊಣ ಭುಜದ ಹಿಂದೆ ಕೂತಿತು.

ಗುಂಡಿನ ಸದ್ದು ಚರ್ನಿ ರೋಬ್‌ನ ಗೋಡೆಯಿಂದ ಗೋಡೆಗೆ ಹೋಗಿ, ಆಸ್ಟ್ರಿಯಾ ನೋಡಿಕೊಂಡು, ನಿಧಾನವಾಗಿ ಹಿಂದೆ ಬಂತು. ಹೋತ ನಿಂತಲ್ಲೇ ಕುಸಿಯಿತು. ಕಾಲು ಕೂಡ ಕೊಡವಲಿಲ್ಲ. ದಿಬ್ಬದಾಚೆ ಆಡುಗಳು ಸಿಳ್ಳೆ ಹೊಡೆದು ಮೇಲಕ್ಕೆ ಓಡಿದವು, ಎಲ್ಲವೂ, ಒಂದೂ ಕಜ್ಜಿ ಸೋಕಿಸಿಕೊಳ್ಳದೆ.

"ಉಸಿರು ಬಿಡ್ಲಾ?" ಅಂದ ಬೋಲ್ತೆಝಾರ್.

"ಬಿಡಿ."

ಎದುರು ಕಣಿವೆಯ ಮಂಜು ಚದುರಿತು.

ಹಗ್ಗ ಹಿಡಿದು ಕೊರಕಲಿಗೆ ಇಳಿದರು. ಕೈಗವಸು ತೊಟ್ಟ ಓಝ್ಬೆ ಪೈನಿನ ಹಸಿರು ಟೊಂಗೆಯೊಂದನ್ನು ಮುರಿದು ಹೋತದ ಬಾಯಿಗಿಟ್ಟ. ನಮ್ಮ ಬೇಟೆಗಾರರು ಸತ್ತ ಪ್ರಾಣಿಗೆ ಕೊಡುವ ಕೊನೆಯ ತುತ್ತು. ಆರೋಗ್ಯವಂತ ಪ್ರಾಣಿಗಾಗಲಿ ಕಜ್ಜಿಯದಕ್ಕಾಗಲಿ ಅದರಲ್ಲಿ ಭೇದವಿಲ್ಲ. ಇನ್ನೊಂದು ಟೊಂಗೆಯನ್ನು ತಿಂಕಾರಾಳ ಟೋಪಿಗೆ ಸಿಕ್ಕಿಸಿ ಕೈ ಕುಲುಕಿದ. ಮಾಂಸ ತೆಗೆಯುವಂತಿರಲಿಲ್ಲ. ಕೊಂಬು ತೆಗೆಯೋಣವೇ ಎಂದು, ಜೀವಮಾನವಿಡೀ ಕೊಂಬು ಸಂಗ್ರಹಿಸಿದ ಬೋಲ್ತೆಝಾರ್ ಕೂಡ ಕೇಳಲಿಲ್ಲ. ಚೀಲದಲ್ಲಿ ತಂದಿದ್ದ ಸುಣ್ಣ ಸುರಿದು, ಕಲ್ಲು ಹೇರಿ ಮುಚ್ಚಿದರು. ಅಧ್ಯಕ್ಷ ಹೊತ್ತ ಕಲ್ಲುಗಳಲ್ಲಿ ಚಿಕ್ಕದು ಒಲೆಯಷ್ಟಿತ್ತು.

ಇಳಿಯುವಾಗ ಮೊದಲ ಹಿಮ ಉದುರತೊಡಗಿತು. ಹರಿದ ಮೊಣಕೈಗಳೊಂದಿಗೆ, ಒಂದು ಸಾಸೇಜನ್ನು ಮೂರು ಪಾಲು ಮಾಡಿ ತಿನ್ನುತ್ತ ರೋಬ್ಯೆಗೆ ಬಂದರು. ಹದಿನೇಳು ತಿರುಪುಗಳು ಓಝ್ಬೆಯ ಜೇಬಿನಲ್ಲಿ ಗಿಲಿಗಿಲಿ ಎನ್ನುತ್ತಿದ್ದವು.

ಯಾವ ತಿರುಪನ್ನು ಮತ್ತೆ ಹಾಕಬೇಕು ಎಂಬ ಸಭೆ ಚಳಿಗಾಲವಿಡೀ ನಡೆಯಿತು. ಕೊನೆಗೆ ತಿಂಕಾರಾ ಕೇಳಿದ ನಾಲ್ಕು ಪಟ್ಟಿನ ಪುಟ್ಟ ದುರ್ಬೀನು ಮಾತ್ರ ಕೋವಿಗೆ ಬಂತು. ಮುಂದಿನ ಬೇಸಿಗೆಯ ಗುರಿ ಸ್ಪರ್ಧೆಯಲ್ಲಿ ಅವಳಿಗೆ ಎರಡನೇ ಸ್ಥಾನ. ಮೊದಲನೆಯವನು ಗೆದ್ದದ್ದು ಚಿಗಟದ ಮೀಸೆಯಷ್ಟು ಅಂತರದಲ್ಲಿ, ಮತ್ತು ಅವನ ಕೋವಿ ಬೆಟ್ಟವನ್ನು ಚಿತ್ರದಲ್ಲಿ ಕೂಡ ನೋಡಿರಲಿಲ್ಲ.

ಬಾಲ್ಟಿ ಬಾಯಿಯ ದುರ್ಬೀನನ್ನು ಓಝ್ಬೆ ಬಾಗಿದ ಊರುಗಾಲಿನ ಮೇಲೆ ಕೂರಿಸಿ, ಲಾರ್ಚ್ ಕಾಡಿನ ನಮ್ಮ ಬೇಟೆ ಗುಡಿಸಲಿನ ಕಿಟಕಿಯಲ್ಲಿಟ್ಟ. ಜೂನ್ ಮೊದಲ ವಾರ ಮೂವರೂ ಅಲ್ಲಿ ಕೂತು ಬೆಟ್ಟದ ಆಡುಗಳನ್ನು ಎಣಿಸಿದರು. ಬೋಲ್ತೆಝಾರ್ ಮೂರು ಸಲ ಎಣಿಸಿದ, ಮೂರು ಸಲವೂ ಅಷ್ಟೇ ಬಂತು. ನಲವತ್ತಮೂರು, ಜೊತೆಗೆ ಹದಿನಾಲ್ಕು ಮರಿ. ಒಂದರ ಮೈಯಲ್ಲೂ ಒಂದು ಕೂದಲು ಕಡಿಮೆಯಿರಲಿಲ್ಲ.

"ಈ ದುರ್ಬೀನು ಬೇಕು ಅಂತ ನಾನು ಮೊದಲೇ ಹೇಳಿದ್ದೆ" ಅಂದ ಅಧ್ಯಕ್ಷ.

"ಹೇಳಿದ್ದು ಪಶುವೈದ್ಯರು" ಅಂದ ಓಝ್ಬೆ, ತಿರುಪು ಕಚ್ಚಿಕೊಂಡು.

"ಜರುಗಿ ಇಬ್ಬರೂ" ಅಂದಳು ತಿಂಕಾರಾ. "ನನಗೂ ಒಂದು ನೋಟ ಸಿಗಲಿ."