ಹಳೇ ಗಣಿರಸ್ತೆಯ ಕಬ್ಬಿಣದ ಫಲಕ

ಗುಡ್ಡ ಸಿಡಿಸುವ ಮೊದಲು ಹಳೇ ಗಣಿರಸ್ತೆಯ ಫಲಕವನ್ನು ಯಾರಾದರೂ ಇಳಿಸಿ ತಂದರೆ ಹೊಸ ರಸ್ತೆಯ ಅಂಚಿನಲ್ಲಿ ನೆಡುತ್ತೇವೆ, ತರದಿದ್ದರೆ ಅದು ಗುಡ್ಡದ ಪಾಲು ಎಂದು ಹೇಳಿ ರಸ್ತೆ ಇಲಾಖೆಯ ಮೇಸ್ತ್ರಿ ಕೈತೊಳೆದುಕೊಂಡಿದ್ದ. ಮದ್ದು ಸಿಡಿಯುವುದು ಮರುದಿನವೇ. ಹೀಗಾಗಿ ನಸುಕಿನಲ್ಲೇ ಮೂವರು ಗುಡ್ಡ ಹತ್ತತೊಡಗಿದರು: ಮುಂದೆ ಹಗ್ಗ ಹೊತ್ತ ಅತ್ತಿಗೆ, ನಡುವೆ ಗರಗಸದ ಚೀಲ ಹೊತ್ತ ಬೆಸುಗೆಯವನು, ಹಿಂದೆ ಊರೆಲ್ಲ ‘ದಿವಂಗತ’ ಎಂದು ಕರೆಯುವ ಅವಳ ಮೈದುನ.

ಆ ಅಡ್ಡಹೆಸರಿಗೆ ಫಲಕವೇ ಕಾರಣ. ಗಣಿಗೆ ಇಳಿಯುವವರು ತಮ್ಮ ಹೆಸರಿನ ಹಿತ್ತಾಳೆ ಬಿಲ್ಲೆಯನ್ನು ಗೋಡೆಯ ಮೊಳೆಯಿಂದ ತೆಗೆದುಕೊಂಡು ಹೋಗಿ, ಮೇಲೆ ಬಂದಾಗ ಮತ್ತೆ ತೂಗುಹಾಕುವುದು ಪದ್ಧತಿ. ಸುರಂಗ ಕುಸಿದ ದಿನ ಇವನಿಗೆ ಜ್ವರ. ತಮ್ಮನ ಕೆಲಸ ಹೋಗದಿರಲೆಂದು ಅಣ್ಣ ಅವನ ಬಿಲ್ಲೆ ಹಿಡಿದು ಇಳಿದಿದ್ದ. ಹೆಣಗಳು ಸಿಗಲಿಲ್ಲ. ಕಂಪನಿಯವರು ಖಾಲಿ ಮೊಳೆಗಳನ್ನು ನೋಡಿ ಸತ್ತವರ ಹೆಸರುಗಳನ್ನು ಫಲಕದಲ್ಲಿ ಎರಕ ಹೊಯ್ಯಿಸಿದರು, ಅಣ್ಣನ ಬದಲು ಇವನ ಹೆಸರು ಬಿತ್ತು. ಇವನು ಜೀವಂತ ಎದುರಿಗೆ ನಿಂತರೂ, “ಬಿಲ್ಲೆ ಬಂದಿಲ್ವಲ್ಲಪ್ಪ” ಎಂದರು. ಆಮೇಲೆ ಗಣಿ ಮುಚ್ಚಿತು, ಕೇಳುವವರೇ ಇಲ್ಲವಾದರು. ಫಲಕ ಕೆಳಗೆ ಬಂದರೆ ತಪ್ಪು ಹೆಸರನ್ನು ಉಜ್ಜಿ ತೆಗೆದು, ಆ ಜಾಗದಲ್ಲಿ ಗಂಡನ ಹೆಸರನ್ನು ಬರೆಸಬೇಕೆಂಬುದು ಅತ್ತಿಗೆಯ ಹಟ.

“ಲೇ ದಿವಂಗತ, ಸತ್ತವರು ಹಿಂಗೆ ಏದುಸಿರು ಬಿಡಬಾರದು ಕಣೋ,” ಎಂದ ಬೆಸುಗೆಯವನು.

“ನೀನೂ ನನ್ನ ಸಾಲಿಗೆ ಬಾ, ಆಗ ಗೊತ್ತಾಗುತ್ತೆ.”

“ಬಾಯಿಗೆ ಕೊಡೋ ಬಲಾನ ಕಾಲಿಗೆ ಕೊಡ್ರಪ್ಪ,” ಎಂದಳು ಅತ್ತಿಗೆ.

ರಸ್ತೆ ಹೆಸರಿಗಷ್ಟೇ ಉಳಿದಿತ್ತು. ಒಳಗೆಲ್ಲ ಅಗೆದು ಪೊಳ್ಳಾದ ಗುಡ್ಡವು ವರ್ಷವರ್ಷವೂ ತನ್ನ ಮೈಯನ್ನು ತಾನೇ ಕಳಚಿಕೊಳ್ಳುತ್ತ ತಿರುವುಗಳನ್ನು ಒಂದೊಂದಾಗಿ ನುಂಗಿತ್ತು. ಬಂಡೆಗಳ ಸಂದಿನಿಂದ ತುಕ್ಕಿನ ಬಣ್ಣದ ನೀರು ಒಸರುತ್ತಿತ್ತು. ಅದು ಹರಿದಲ್ಲಿ ಹುಲ್ಲೂ ಹುಟ್ಟಿರಲಿಲ್ಲ. ಕಾಲಿಟ್ಟಲ್ಲೆಲ್ಲ ಮಡಕೆಯ ಮೇಲೆ ನಡೆದಂತೆ ಟೊಳ್ಳು ಸದ್ದು. ಇಂಥ ಗುಡ್ಡದಿಂದ ಏನನ್ನಾದರೂ ಮರಳಿ ಪಡೆಯಬಹುದೆಂದು ದಿವಂಗತನಿಗೆ ಅನ್ನಿಸಲಿಲ್ಲ. ಆದರೂ ಅತ್ತಿಗೆಯ ಬೆನ್ನನ್ನೇ ನೋಡುತ್ತ ಹತ್ತಿದ.

ಫಲಕ ಇನ್ನೂ ಇತ್ತು. ಸಡಿಲ ಕಲ್ಲಿನ ಇಳಿಜಾರೊಂದರ ಆಚೆ, ಪ್ರಪಾತದತ್ತ ವಾಲಿದ ಕಂಬದಲ್ಲಿ.

“ನೀನೇ ಹಗುರ, ಹೋಗು,” ಎಂದು ಬೆಸುಗೆಯವನು ಅವನ ಸೊಂಟಕ್ಕೆ ಹಗ್ಗ ಬಿಗಿದ. “ಸುತ್ತಿಗೆ ಮಾತ್ರ ಎತ್ತಬೇಡ. ಒಂದೇಟಿಗೆ ಗುಡ್ಡವೇ ಮೈಮೇಲೆ ಬರುತ್ತೆ.”

ದಿವಂಗತ ಹೊಟ್ಟೆಯ ಮೇಲೆ ತೆವಳಿದ. ಕಂಬವನ್ನು ತಬ್ಬಿ ಬೋಲ್ಟುಗಳನ್ನು ಕೊಯ್ದ. ಬೆರಳು ಸುಲಿದವು.

ಕೊನೆಯ ಬೋಲ್ಟು ಅರ್ಧ ಕೊಯ್ದಾಗಿತ್ತು. ಮೇಲೆಲ್ಲೋ ಕಲ್ಲೊಂದು ಕದಲಿತು.

“ತಲೆ ತಗ್ಗಿಸೋ!”

ಬಂಡೆ ಫಲಕಕ್ಕೆ ಬಡಿದು ಹಾರಿತು. ಎರಕದ ಕಬ್ಬಿಣ ಹಪ್ಪಳದಂತೆ ಎರಡಾಯಿತು. ಮೇಲಿನ ತುಂಡು ಅವನ ತೊಡೆಗೆ ಬಿತ್ತು. ಕೆಳಗಿನದು ಅರ್ಧ ಕೊಯ್ದ ಬೋಲ್ಟಿನಲ್ಲಿ ತೂಗಾಡಿತು.

“ಅತ್ತಿಗೆ! ಎರಡಾಯ್ತು! ಒಂದೇ ತರೋಕಾಗೋದು! ನನ್ನ ಹೆಸರಿರೋದು ಕೆಳಗಿಂದು!”

“ಮೇಲಿನದ್ರಲ್ಲಿ ಏನಿದೆ?”

“ಗಣಿಯಲ್ಲಿ ಸತ್ತವರು ಅಂತಿದೆ. ಮುಕ್ಕಾಲು ಜನರ ಹೆಸರು ಇಲ್ಲೇ ಇದೆ!”

ಅತ್ತಿಗೆ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

“ಅದನ್ನೇ ತಾ.”

“ಅಣ್ಣನ ಜಾಗ ಹೋಗುತ್ತೆ ಅತ್ತಿಗೆ!”

“ತಾ ಅಂದ್ನಲ್ಲ! ಅಷ್ಟು ಮನೆಯವರಿಗೆ ನಾಳೆ ಯಾವ ಮುಖ ತೋರಿಸ್ಲಿ?”

ಇಳಿಜಾರು ಸರಿಯಿತು. ಕಾಲಡಿಯ ನೆಲ ನೀರಾಯಿತು. ದಿವಂಗತ ತುಂಡನ್ನು ಎದೆಗವಚಿ ಕಣ್ಣುಮುಚ್ಚಿದ. ಹಗ್ಗ ಪಕ್ಕೆಲುಬು ಮುರಿಯುವಂತೆ ಬಿಗಿಯಿತು. ಮೇಲೆ ಇಬ್ಬರು ಹಲ್ಲುಕಚ್ಚಿ ಎಳೆದರು. ಧೂಳಡಗಿದಾಗ ಕಂಬವಿರಲಿಲ್ಲ, ಅವನ ಹೆಸರೂ ಇರಲಿಲ್ಲ.

ಸಂಜೆ ಬೆಸುಗೆಯಂಗಡಿಯಲ್ಲಿ ಫಲಕದ ಕೆಳಗಿನ ಮುರುಕು ಅಂಚಿಗೆ ಕಬ್ಬಿಣದ ಪಟ್ಟಿಯೊಂದನ್ನು ಬೆಸುಗೆ ಹಾಕಿಸಿ, ಅದರ ಮೇಲೆ ಕಳೆದುಹೋದ ಹೆಸರುಗಳನ್ನು ಅತ್ತಿಗೆ ನೆನಪಿನಿಂದ ಹೇಳಿ ಬರೆಸಿದಳು. ಗಂಡನದು ಕೊನೆಗೆ, ಅಕ್ಷರಗಳನ್ನು ಒತ್ತೊತ್ತಾಗಿ ತುರುಕಬೇಕಾಯಿತು.

“ಎರಕದ ಕಬ್ಬಿಣ ಅಕ್ಕ, ಬೆಸುಗೆ ಗಟ್ಟಿ ಹಿಡಿಯಲ್ಲ,” ಎಂದ ಬೆಸುಗೆಯವನು. “ಒಂದೆರಡು ಮಳೆಗಾಲ ತಡೆದ್ರೆ ಹೆಚ್ಚು.”

“ತಡೆದಷ್ಟು ತಡೀಲಿ.”

ಮರುದಿನ ಗುಡ್ಡ ಸಿಡಿದ ಸದ್ದು ಕೇಳುತ್ತಿರುವಾಗಲೇ ಮೇಸ್ತ್ರಿ ಹೊಸ ರಸ್ತೆಯಲ್ಲಿ ಗುಂಡಿ ತೋಡಿದ. “ಇದೇನಮ್ಮ, ಕೆಳಗಿನ ಅಕ್ಷರ ಸೊಟ್ಟಗಿದೆ?”

“ಅವರ ಹೆಸರು ಬರೆಯೋಕೆ ತಡ ಆಯ್ತು,” ಎಂದಳು ಅತ್ತಿಗೆ.

ಮೇಸ್ತ್ರಿ ಫಲಕವನ್ನು ಹೊಸ ಕಂಬಕ್ಕೆ ಬಿಗಿದು ಬುಡಕ್ಕೆ ಕಾಂಕ್ರೀಟು ಸುರಿದ. ಲಾರಿಗಳು ವೇಗ ತಗ್ಗಿಸದೆ ಹಾದುಹೋದವು. ಓದಲು ಯಾರೂ ನಿಲ್ಲಲಿಲ್ಲ. ದಿವಂಗತನೊಬ್ಬ ಮೇಲಿನಿಂದ ಓದುತ್ತ ಬಂದು ಕೊನೆಯ ಸಾಲಿನಲ್ಲಿ ನಿಂತ. ಇಷ್ಟು ವರ್ಷ ಅವನ ತುಟಿಯ ಮೇಲೆ ಇದ್ದದ್ದು ತನ್ನ ಸಾವಿನ ತಮಾಷೆಯೇ. ಈಗ ಕಂಬ ಹಿಡಿದು, ಅಣ್ಣ ಸತ್ತನೆಂದು ಮೊದಲ ಬಾರಿಗೆ ಗಟ್ಟಿಯಾಗಿ ಅತ್ತ. ಕಾಂಕ್ರೀಟು ಇನ್ನೂ ಹಸಿಯೆಂದು ಮೇಸ್ತ್ರಿ ಗದರಲು ಬಂದ. ಅತ್ತಿಗೆ ಕೈಯಡ್ಡ ಹಿಡಿದು ಅವನನ್ನು ತಡೆದಳು.