ಗೂಬೆಯ ಹಿಂದಿನ ಸೀಳುಬಂಡೆ

"ಈ ಚಿತ್ರ ಇಳಿಸಿಬಿಡಿ. ಇವತ್ತೇ."

ಪ್ರದರ್ಶನದ ಮೊದಲ ದಿನ, ಎಲ್ಲರೂ ಹೊಗಳಿ ಹೋದ ಚಿತ್ರದ ಮುಂದೆ ನಿಂತು ಹೀಗಂದವನನ್ನು ಚಿತ್ರಗಾರ್ತಿ ದಿಟ್ಟಿಸಿದಳು. ಕೆಸರು ಮೆತ್ತಿದ ಬೂಟು, ಕೊರಳಲ್ಲಿ ದುರ್ಬೀನು. ಗಾಯಗೊಂಡ ಹಕ್ಕಿಗಳ ಆರೈಕೆ ಕೇಂದ್ರ ನಡೆಸುವವನು. ಊರೆಲ್ಲ ಗೂಬೆ ಮೇಷ್ಟ್ರು ಅಂತ ಕರೆದರೂ ಬೈಗುಳ ಅಂದುಕೊಳ್ಳದೆ ನಗುವ ಆಸಾಮಿ. ಇವತ್ತು ನಗುತ್ತಿರಲಿಲ್ಲ.

ಚಿತ್ರದಲ್ಲಿ ಮರದ ಪೊಟರೆ, ತಾಯಿ ಗೂಬೆ, ಎರಡು ಮರಿ. ಮೂರು ವಾರ ಪೊದೆಯಲ್ಲಿ ಕೂತು, ಸೊಳ್ಳೆಗಳಿಗೆ ರಕ್ತದಾನ ಮಾಡಿ ಬರೆದದ್ದು.

ಅವನ ತಕರಾರು ಹಕ್ಕಿಯ ಬಗ್ಗೆ ಅಲ್ಲ. ಹಿಂದೆ ಕಾಣುವ ಸೀಳುಬಂಡೆ, ಮುರಿದ ಸೇತುವೆ... ಕಾಡು ತಿಳಿದವರಿಗೆ ಗೂಡಿನ ವಿಳಾಸ ಬರೆದುಕೊಟ್ಟಂತೆ ಅಂದ. ಬಂಡೆಯನ್ನಾದರೂ ಅಳಿಸಿ ಅಂತ ಕೇಳಿಕೊಂಡ.

ಗೂಡು ಇವನೊಬ್ಬನ ಸ್ವತ್ತಾ? ಅವಳಿಗೆ ಉರಿದುಹೋಯಿತು.

"ನಾನು ಕಂಡಿದ್ದನ್ನ ಕಂಡ ಹಾಗೇ ಬರೆಯೋಳು. ಸುಳ್ಳು ಬರೆಯೋಕೆ ಬರಲ್ಲ."

ಹತ್ತು ದಿನ ಕಳೆದು ಮರಿಗಳನ್ನು ನೋಡಲು ಹೋದಳು. ಪೊದೆಯೆಲ್ಲ ತುಳಿದು ನೆಲಸಮ. ಮರಕ್ಕೆ ಏಣಿ ಒರಗಿತ್ತು. ಫೋಟೋದ ಹುಚ್ಚಿನವರು ಬಂದು ಹೋಗಿದ್ದರು. ಕಾಲಡಿಯಲ್ಲಿ ಅವಳದೇ ಪ್ರದರ್ಶನದ ಆಹ್ವಾನ ಪತ್ರ. ಅದರ ಮೇಲಿನ ಚಿತ್ರದಲ್ಲಿ, ಬಂಡೆಯ ಸುತ್ತ ಯಾರೋ ಪೆನ್ನಿನಿಂದ ಗುಂಡಗೆ ಗೀಚಿದ್ದರು.

ತಾಯಿ ಗೂಡು ಬಿಟ್ಟಿತ್ತು. ಒಂದು ಮರಿ ಸತ್ತಿತ್ತು. ಇನ್ನೊಂದು, ಅವಳಿಗಿಂತ ಮೊದಲೇ ಬಂದಿದ್ದ ಗೂಬೆ ಮೇಷ್ಟ್ರ ಜಾಕೆಟ್ಟಿನೊಳಗೆ ನಡುಗುತ್ತಿತ್ತು.

ಅವಳು ತಲೆ ತಗ್ಗಿಸಿ ನಿಂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು...

"ಹಿಡ್ಕೊಳ್ಳಿ. ಬಿಗಿಯಾಗಿ ಬೇಡ," ಅಂದು ಮರಿಯನ್ನು ಅವಳ ಅಂಗೈಯಲ್ಲಿಟ್ಟ, ಅಷ್ಟೇ.

ಅಂದಿನಿಂದ ಪ್ರತಿ ಸಂಜೆ ಆರೈಕೆ ಕೇಂದ್ರದ ಹಿತ್ತಲು. ಕುಂಚ ಹಿಡಿದ ಕೈ ಚಿಮಟ ಹಿಡಿದು ಮಾಂಸದ ಚೂರು ತಿನ್ನಿಸಿತು. ನೀನು ಸಾಕ್ತಿರೋದು ಚಿಕ್ಕ ಗೂಬೇನೋ ದೊಡ್ಡ ಗೂಬೇನೋ ಅಂತ ಅಕ್ಕ ಕಾಲೆಳೆದರೆ ಅವಳು ಕೆನ್ನೆ ಮುಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಮರಿ ಹಾರಿಹೋಯಿತು. ಇನ್ನು ಯಾವ ನೆಪ ಹೇಳಿ ಬರಲಿ? ಅವಳು ಗೇಟಿನ ಬಳಿ ತುಸು ನಿಂತಳು. ಅವನು ಖಾಲಿ ಪಂಜರದ ಚಿಲಕ ಹಾಕುತ್ತ ಬೆನ್ನು ತಿರುಗಿಸಿಯೇ ಇದ್ದ. ಕ್ಷಮಿಸಿಲ್ಲ ಅಂದುಕೊಂಡು ಹೊರಟಳು.

ಎರಡು ತಿಂಗಳ ನಂತರ ಅವಳ ಇನ್ನೊಂದು ಪ್ರದರ್ಶನ. ಕೊನೆಯ ದಿನ ಅವನು ಬಂದ, ಬೂಟು ಒರೆಸಿಕೊಂಡು. ಹೊಸ ಚಿತ್ರದಲ್ಲಿ ಅದೇ ಗೂಬೆಮರಿ, ಈಗ ದೊಡ್ಡದು. ಹಿಂದೆ ವಾಲಿದ ಮರ, ತಗಡಿನ ಮಾಡು, ಸೀಟಿಲ್ಲದ ಹಳೇ ಸೈಕಲ್ಲು.

"ಈ ಹಕ್ಕಿ ಈ ಮರದ ಮೇಲೆ ಯಾವತ್ತೂ ಕೂತಿಲ್ಲ," ಅಂದ.

"ಗೊತ್ತು. ಈಗ ಹಕ್ಕಿ ಎಲ್ಲಿಯದೋ, ಹಿನ್ನೆಲೆ ಎಲ್ಲಿಯದೋ. ಇದನ್ನ ನೋಡಿ ಹುಡುಕಿಕೊಂಡು ಹೊರಟವರಿಗೆ ಸಿಗೋದು ನಿಮ್ಮ ಹಿತ್ತಲು."

"ಯಾರೂ ಬಂದಿಲ್ಲ." ಅವನ ದನಿ ತಗ್ಗಿತು. "ದಿನಾ ಸಂಜೆ ಗೇಟು ತೆಗೆದಿಟ್ಟು ಕೂತಿರ್ತೀನಿ. ಮರಿ ವಾಪಸ್ ಬರಲಿ ಅಂತಲ್ಲ."

ಅವಳ ಕಣ್ಣು ಮಂಜಾಯಿತು. "ಅವತ್ತೇ ಹೇಳಬಾರದಿತ್ತಾ?"

"ನೀವು ಪ್ರಾಯಶ್ಚಿತ್ತಕ್ಕೆ ಬರ್ತಿದ್ದೀರಿ ಅಂದ್ಕೊಂಡೆ."

"ಪ್ರಾಯಶ್ಚಿತ್ತಕ್ಕೆ ಬಂದವಳು ಸೈಕಲ್ಲಿಗೆ ಸೀಟಿಲ್ಲ ಅನ್ನೋದನ್ನೆಲ್ಲ ನೆನಪಿಟ್ಕೊಳ್ತಾಳಾ?"

ಅವನು ನಕ್ಕ. "ಅಲ್ಲೊಂದು ತಪ್ಪಿದೆ. ಹೋದ ವಾರ ಸೀಟು ಹಾಕಿಸಿದೆ. ಹಿಂದೆ ಕೂರೋರಿಗೂ ಸೇರಿಸಿ."

"ಹಾಗಾದ್ರೆ ಬಂದು ನೋಡಿ ತಿದ್ದಬೇಕು," ಅಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಕಂಡ ಹಾಗೇ ಬರೆಯೋಳಲ್ವಾ ನಾನು..."