ಹೊರಗೆ ಕೇಳದ ಸ್ಪೀಕರ್

ಬಾಗಿಲು ತೆರೆಯಲಿಲ್ಲ.

ಇನ್ನೊಮ್ಮೆ ಹಿಡಿಕೆ ಎಳೆದೆ. ಅಲುಗಾಡುವ ಹಲ್ಲಿನ ಹಾಗೆ ಸಡಿಲವಾಗಿ ಬಂತು, ಸಡಿಲವಾಗಿ ಹೋಯಿತು. ಚೈಲ್ಡ್ ಲಾಕ್... ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸು ನನ್ನದು. ಚೈಲ್ಡ್ ಲಾಕಿನೊಳಗೆ ಕೂತಿದ್ದೆ.

ಗಾಡಿ ಓಡುತ್ತಿತ್ತು. ಇಂಡಿ ಹಿಂದೆ ಬಿದ್ದು ಬಹಳ ಹೊತ್ತಾಗಿತ್ತು. ಮುಂದೆ ಸಿಂದಗಿ. ಕಾಲ ಕೆಳಗೆ, ಬೆನ್ನ ಹಿಂದೆ, ದವಡೆಯೊಳಗೆ ಡೊಳ್ಳಿನ ಬಡಿತ. ನಾಲ್ಕೂ ಬಾಗಿಲಿಗೆ ಸ್ಪೀಕರ್, ಸೀಟಿನ ಕೆಳಗೆ ವೂಫರ್.

ಎಲ್ಲವನ್ನೂ ಕೂರಿಸಿದ್ದು ನಾನೇ. ಅದೇ ದಿನ ಮುಂಜಾನೆ.

ಪಕ್ಕದಲ್ಲಿ ಸುನೀತಾ. ಲಚ್ಯಾಣದ ಕಡೆಯ ಹುಡುಗಿ, ಹತ್ತೊಂಬತ್ತರವಳು, ಸೈಕಲ್ ರೇಸಿನವಳು. ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಅದರ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಮುಂದಿನ ಸೀಟಿನಲ್ಲಿ ಅವಳ ಸೋದರಮಾವ ರಾವಸಾಬ. ಸ್ಟೇರಿಂಗ್ ಹಿಡಿದವನು ಗುರಣ್ಣ. ರಾವಸಾಬ ಕೆಮ್ಮಿದರೆ ನೀರು ತರುವವನು.

ರಾವಸಾಬ ಸೌಂಡ್ ಇಳಿಸಿದ.

"ದುರ್ಗಕ್ಕ, ಹಿಡಿಕಿ ಮುರೀಬ್ಯಾಡ್ರಿ. ಹೊಸಾ ಗಾಡಿ ಐತಿ."

"ಪೆಟ್ರೋಲ್ ಪಂಪಿನ ತನಕ ಅಂದಿದ್ದಿ."

"ಅಂದಿದ್ನಿರಿ. ಪಂಪ್ ಹಿಂದ ಹೋತು."

"ನನ್ನ ಇಳಸು."

"ಇಳಸ್ತೇನಿ. ನಾಳೆ ಮುದ್ದೇಬಿಹಾಳದಾಗ ನಂದೂ ಈಕೀದೂ ಲಗ್ನದ ಅಕ್ಕಿಕಾಳು ಬೀಳಲಿ. ಊಟಾ ಮಾಡಿ ಹೋಗ್ರಿ. ಹುಗ್ಗಿ ಮಾಡಸೇನಿ."

ಮತ್ತೆ ಸೌಂಡ್ ಏರಿಸಿದ.

ಸುನೀತಾ ನನ್ನ ಮುಖ ನೋಡಿದಳು. ಲಗ್ನದ ಮಾತು ಅಲ್ಲಿಯವರೆಗೆ ಅವಳಿಗೆ ಗೊತ್ತಿರಲಿಲ್ಲ... ಹುಬ್ಬಳ್ಳಿಗೆ ಹೊರಟಿದ್ದೇನೆ ಎಂದೇ ತಿಳಿದಿದ್ದಳು. ಅಲ್ಲಿ ಮರುದಿನ ಮುಂಜಾನೆ ಸೆಲೆಕ್ಷನ್ ಇತ್ತು. ಗೆದ್ದರೆ ಕ್ರೀಡಾ ಕೋಟಾದಲ್ಲಿ ನೌಕರಿ. ನೌಕರಿ ಸಿಕ್ಕರೆ ಕ್ವಾರ್ಟರ್ಸ್, ಸಂಬಳ, ತನ್ನದೇ ಬೀಗದ ಕೈ. ಆಮೇಲೆ ರಾವಸಾಬನ ಕೈಗೆ ಅವಳು ಸಿಗುವ ಮಾತಿಲ್ಲ. ಅದಕ್ಕೇ ಈ ಅವಸರ.

ಇದರಲ್ಲಿ ನಾನು ಹೇಗೆ ಬಂದು ಸಿಕ್ಕಿಬಿದ್ದೆ ಎಂದು ಕೇಳುತ್ತೀರಿ. ಬೇಕೆಂದೇ ಸಿಕ್ಕಿಬಿದ್ದೆ.

ಇಂಡಿಯಲ್ಲಿ ನನ್ನದೊಂದು ಅಂಗಡಿ. ಸೀಟ್ ಕವರ್, ಸ್ಪೀಕರ್, ಕ್ಯಾರಿಯರ್. ಅದು ಎದುರಿನ ಕಸುಬು. ಹಿಂದಿನ ಕಸುಬು, ಕಳುವಾದ ಗಾಡಿ ಹುಡುಕುವುದು. ಕಳ್ಳ ನಂಬರ್ ಪ್ಲೇಟ್ ಬದಲಾಯಿಸುತ್ತಾನೆ, ಬಣ್ಣ ಬದಲಾಯಿಸುತ್ತಾನೆ, ಬಾಗಿಲ ಒಳಗಿನ ವೈರಿಂಗ್ ಬದಲಾಯಿಸುವುದಿಲ್ಲ. ಈ ಕೆಲಸದಲ್ಲಿ ನನ್ನನ್ನು ಹೆದರಿಸಿದವರು ಬಹಳ. ಇಬ್ಬರು ಈಗಲೂ ಕುಂಟುತ್ತಾರೆ.

ಮುಂಜಾನೆ ರಾವಸಾಬ ಸೋದರ ಸೊಸೆಯನ್ನೂ ಸೈಕಲ್ಲನ್ನೂ ಕರೆತಂದು ನಿಂತ. ಸೈಕಲ್ ಒಯ್ಯುವ ಕ್ಯಾರಿಯರ್ ಬೇಕು ಎಂದ. ಎರಡು ತೋರಿಸಿದೆ. ಒಂದು ಗಾಡಿಯ ನೆತ್ತಿಯ ಮೇಲೆ ಕೂರುವುದು. ಚಕ್ರವನ್ನು ಹಿಡಿಯುತ್ತದೆ, ಸೈಕಲ್ಲಿನ ಮೈ ಮುಟ್ಟುವುದಿಲ್ಲ. ಇನ್ನೊಂದು ಡಿಕ್ಕಿಯ ಬಾಗಿಲಿಗೆ ಪಟ್ಟಿ ಬಿಗಿದು ನೇತುಹಾಕುವುದು. ಫ್ರೇಮನ್ನೇ ಕಚ್ಚಿ ಹಿಡಿಯುತ್ತದೆ.

"ಮ್ಯಾಲಿಂದಾ ಇರ್ಲಿ ಮಾಮಾ," ಎಂದಳು ಸುನೀತಾ. "ಇದು ಕಾರ್ಬನ್ ಫ್ರೇಮ್. ಕಚ್ಚಿದ್ರ ಸೀಳತೈತಿ."

"ಡಿಕ್ಕಿದಾ ಹಾಕ್ರಿ," ಎಂದ ರಾವಸಾಬ ನನಗೆ.

"ಹುಡುಗಿ ಖರೇನ ಹೇಳಾಕತ್ತಾಳಪಾ. ನಾಳೆ ರೇಸ್ ಐತಿ ಅಂತೀರಿ, ಇವತ್ತ ಫ್ರೇಮಿಗೆ ಗಾಯಾ ಮಾಡಿದ್ರ?"

"ಜಲ್ದಿ ಆಗೋದು ಯಾವ್ದೈತಿ ಅದನ್ನ ಹಾಕ್ರಿ."

ರೇಸಿಗೆ ಒಯ್ಯುವ ಕುದುರೆಯ ಕಾಲಿಗೆ ಯಾರೂ ಹಗ್ಗ ಬಿಗಿಯುವುದಿಲ್ಲ. ಆದರೂ ಡಿಕ್ಕಿಯದನ್ನೇ ಬಿಗಿದೆ. ಗಂಡಸರು ಸೈಕಲ್ಲಿನ ವಿಷಯದಲ್ಲಿ ದಡ್ಡರಿರಬಹುದು.

ಆಮೇಲೆ ಸ್ಪೀಕರ್ ಕೂರಿಸಿದೆ. ಯಾರೇ ಆಗಲಿ, ಹೊಸ ಸ್ಪೀಕರ್ ಕೂರಿಸಿದ ಮೇಲೆ ಒಳಗೆ ಕೂತು ಕಣ್ಣು ಮುಚ್ಚಿ ಹಾಡು ಕೇಳುತ್ತಾರೆ. ರಾವಸಾಬ ಹೊರಗೆ ನಿಂತ. ಸುನೀತಾ ಚಹಾ ತರಲು ಹೋಗಿದ್ದಳು. ಗುರಣ್ಣನನ್ನು ಒಳಗೆ ಕೂರಿಸಿದ, ಗಾಜು ಏರಿಸಿದ, ಸೌಂಡ್ ಪೂರ್ತಿ ಮಾಡಿಸಿದ.

"ಈಗ ಒದರು," ಎಂದು ಕೈಸನ್ನೆ ಮಾಡಿದ.

ಗುರಣ್ಣ ಬಾಯಿ ತೆರೆದು ಒದರಿದ. ಕತ್ತಿನ ನರ ಉಬ್ಬಿದ್ದು ಗಾಜಿನಲ್ಲಿ ಕಾಣುತ್ತಿತ್ತು. ದನಿ ಮಾತ್ರ ಇಲ್ಲ.

"ಅಡ್ಡಿಯಿಲ್ಲ," ಎಂದ ರಾವಸಾಬ.

ನನಗೆ ಆಗ ತಿಳಿಯಿತು. ಅವನು ಹಾಡು ಕೊಳ್ಳಲು ಬಂದಿರಲಿಲ್ಲ.

ಪೊಲೀಸರಿಗೆ ಫೋನ್ ಮಾಡುತ್ತ ನಿಂತರೆ ಗಾಡಿ ಕೈಬಿಟ್ಟು ಹೋಗುತ್ತದೆ. ಗುರಣ್ಣ ಆಗಲೇ ಚಾವಿ ತಿರುಗಿಸಿದ್ದ, ಹುಡುಗಿ ಹಿಂದೆ ಕೂತಿದ್ದಳು. ಬಾಗಿಲ ಕವಚದ ಒಂದು ಕ್ಲಿಪ್ಪನ್ನು ಬೆರಳಿನಿಂದ ಸಡಿಲ ಮಾಡಿದೆ. ಬಾಗಿಲು ಗಿರ್ರೆಂದಿತು.

"ಗಿರಗುಡ್ತೈತಿ. ರೋಡ್ ಟೆಸ್ಟ್ ಇಲ್ಲದ ನನ್ನ ಅಂಗಡಿಯಿಂದ ಗಾಡಿ ಹೋಗಂಗಿಲ್ಲ," ಎಂದು ಹುಡುಗಿಯ ಪಕ್ಕ ಹತ್ತಿ ಕೂತೆ.

ಪೆಟ್ರೋಲ್ ಪಂಪಿನ ತನಕ ಮಾತ್ರ ಎಂದ ರಾವಸಾಬ. ಅಲ್ಲಿ ಹುಡುಗಿಯನ್ನು ಹೇಗೋ ಇಳಿಸಿಕೊಳ್ಳಬಹುದು ಎಂದು ನನ್ನ ಲೆಕ್ಕ. ಪಂಪಿನ ಹತ್ತಿರ ರಾವಸಾಬ ಹಿಂದೆ ತಿರುಗಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡ. ಹುಡುಗಿಯದನ್ನು ಚಾರ್ಜಿಗೆಂದು ಮೊದಲೇ ಇಸಿದುಕೊಂಡಿದ್ದ.

ಈಗ ನಿಮಗೆ ಎಲ್ಲ ಗೊತ್ತಾಯಿತು. ಮತ್ತೆ ಗಾಡಿಯೊಳಗೆ ಬನ್ನಿ.

ಸಿಂದಗಿ ಬಂತು. ಸರ್ಕಲ್ಲಿನಲ್ಲಿ ಟ್ರಾಫಿಕ್. ಗಾಡಿ ನಿಂತಿತು. ನನ್ನ ಗಾಜಿಗೆ ಒಂದು ಮೊಳ ದೂರದಲ್ಲಿ ಪೇರಲ ಹಣ್ಣಿನ ಗಾಡಿ, ಬೈಕುಗಳು, ಬಾಯಿಗೆ ಸೆರಗು ಹಿಡಿದ ಹೆಂಗಸರು. ಇಷ್ಟು ಮಂದಿ!

ಎರಡೂ ಕೈಯಿಂದ ಗಾಜು ಬಡಿದೆ. ಸುನೀತಾ ಆ ಕಡೆಯ ಗಾಜು ಬಡಿದಳು. ಗಂಟಲು ಹರಿಯುವಷ್ಟು ಕೂಗಿದೆವು.

ಬೈಕಿನ ಮೇಲಿದ್ದವನೊಬ್ಬ ನಮ್ಮನ್ನು ನೋಡಿದ. ಡೊಳ್ಳಿನ ಬಡಿತ ಅವನ ಎದೆಗೂ ಮುಟ್ಟಿರಬೇಕು. ನಕ್ಕ. ಎರಡೂ ಕೈ ಮೇಲೆತ್ತಿ ಭುಜ ಕುಣಿಸಿದ. ಅವನ ಹಿಂದೆ ಕೂತವನು ಸೀಟಿ ಹೊಡೆದ. ಲಗ್ನದ ಗಾಡಿ, ಒಳಗೆ ಹೆಂಗಸರು ಕುಣಿಯುತ್ತಿದ್ದಾರೆ... ಅವರಿಗೆ ಕಂಡದ್ದು ಅಷ್ಟೇ.

ಗಾಡಿ ಹೊರಟಿತು.

ರಾವಸಾಬ ಸೌಂಡ್ ಇಳಿಸಿ, ಹಿಂದೆ ತಿರುಗದೆ ಹೇಳಿದ.

"ದುರ್ಗಕ್ಕ, ನಿಮ್ಮ ಮಗಳು ಇದ ಊರಾಗ ಸಾಲಿ ಕಲಸ್ತಾಳಲ್ರಿ? ಹನಮಪ್ಪನ ಗುಡಿ ಹಿಂದ ಮನಿ. ಅಂಗಳದಾಗ ನುಗ್ಗಿ ಗಿಡ."

ಗಾಜಿನಿಂದ ಕೈ ತೆಗೆದೆ.

"ಇನ್ನ ಗಾಜ ಬಡಿಯಂಗಿಲ್ಲಲ್ಲ?"

"ಇಲ್ಲ."

"ಶ್ಯಾಣ್ಯಾರ ಅದೀರಿ." ನಂತರ ಕಿವಿಗೊಟ್ಟು ಕೇಳಿದ. "ಅದೇನದು, ಇನ್ನಾ ಗಿರ್ರ್ ಅನ್ನಾಕತ್ತೈತಿ?"

"ಈ ಬಾಗಲಾ. ಕ್ಲಿಪ್ ಕುಂತಿಲ್ಲ."

"ಕುಂದರಸ್ರಿ ಮತ್ತ. ಹೆಂಗೂ ಖಾಲಿ ಕುಂತೀರಿ."

ಗುರಣ್ಣ ಹಲ್ಲು ಬಿಟ್ಟ. ಸೌಂಡ್ ಮತ್ತೆ ಏರಿತು.

ನನಗೂ ನಗು ಬಂತು, ನುಂಗಿಕೊಂಡೆ. ಸೊಂಟದಲ್ಲಿ ಸ್ಕ್ರೂ ಡ್ರೈವರ್ ಇತ್ತು. ಜೈಲಿನ ಅಧಿಕಾರಿಯೇ ಕೈದಿಗೆ ಗೋಡೆ ಒಡೆಯಲು ಹೇಳಿದ್ದ.

ಕವಚ ಬಿಚ್ಚಿದೆ. ಸ್ಪೀಕರಿನ ಸ್ಕ್ರೂ ತೆಗೆದು ಅದನ್ನು ವೈರ್ ಸಮೇತ ಪಕ್ಕಕ್ಕೆ ವಾಲಿಸಿದೆ. ಅದು ಬಡಿಯುತ್ತಲೇ ಇತ್ತು. ಬಾಗಿಲಲ್ಲಿ ತಟ್ಟೆಯಗಲದ ತೂತು. ಮೊಣಕೈ ತನಕ ಕೈ ತೂರಿಸಿದೆ. ತಗಡು ಚರ್ಮ ಕೆತ್ತಿತು.

ನೋಡಿ, ಚೈಲ್ಡ್ ಲಾಕ್ ಕೊಲ್ಲುವುದು ಒಳಗಿನ ಹಿಡಿಕೆಯನ್ನು ಮಾತ್ರ. ಹೊರಗಿನ ಹಿಡಿಕೆಯಿಂದ ಬೀಗಕ್ಕೆ ಹೋಗುವ ಕಂಬಿಗೆ ಏನೂ ಆಗಿರುವುದಿಲ್ಲ. ಬೆರಳಿಗೆ ಅದು ಸಿಕ್ಕಿತು. ಎಳೆದರೆ ಬಾಗಿಲು ತೆರೆಯುತ್ತದೆ.

ಆದರೆ ಓಡುವ ಗಾಡಿಯಿಂದ ಹಾರಿದರೆ ಎಲುಬು ಆರಿಸಿಕೊಳ್ಳಬೇಕು. ಗಾಡಿ ನಿಲ್ಲಬೇಕಿತ್ತು. ಯಾರಾದರೂ ನಿಲ್ಲಿಸಬೇಕಿತ್ತು.

ಹಿಂದೆ ನೋಡಿದೆ. ನೇತಾಡುವ ಸೈಕಲ್ಲಿನ ಸಂದಿಯಲ್ಲಿ ಕೆಂಪು ಬಣ್ಣ ಕಂಡಿತು. ಸಿಂದಗಿಯಿಂದ ಬಸವನ ಬಾಗೇವಾಡಿಗೆ ಹೋಗುವ ಸರ್ಕಾರಿ ಬಸ್ಸು. ನಮ್ಮ ಬೆನ್ನಿಗೇ ಬರುತ್ತಿತ್ತು.

ಸುನೀತಾಳ ಕಿವಿಗೆ ಬಾಯಿ ಹಚ್ಚಿದೆ. ಆ ಸದ್ದಿನಲ್ಲಿ ಮುಂದಿನವರಿಗೆ ನಮ್ಮ ಮಾತು ಕೇಳುವ ಹಾಗಿರಲಿಲ್ಲ. ರಾವಸಾಬನ ಪುಣ್ಯ.

"ಕ್ಯಾರಿಯರಿನ ಮ್ಯಾಲಿನ ಪಟ್ಟಿಗಿ ಡಿಕ್ಕಿ ಒಳಗ ಬಕಲ್ ಹಾಕೇನಿ. ಕಳ್ಳರು ಬಿಚ್ಚಬಾರದಂತ. ನಿನ್ನ ಸೀಟಿನ ಹಿಂದ ಕೈ ಬಿಟ್ಟರ ಸಿಗತಾವ."

"ಬಿಚ್ಚಿದ್ರ?"

"ಸೈಕಲ್ ರೋಡಿಗಿ ಬೀಳತೈತಿ. ಬಸ್ಸಿನವ ಸುಮ್ಮನ ಬಿಡಂಗಿಲ್ಲ."

ಅವಳು ಹಿಂದಿನ ಗಾಜಿನ ಕಡೆ ತಿರುಗಿದಳು. ಮೊದಲ ಪದಕ ಗೆದ್ದಾಗ ಸಿಕ್ಕ ಸೈಕಲ್ ಅದು. ಬೇರೆಯವರು ಮುಟ್ಟಿದರೂ ಒರೆಸಿ ಇಡುತ್ತಿದ್ದಳಂತೆ.

"ನಾಳೆ ಸೆಲೆಕ್ಷನ್ ಐತ್ರಿ."

"ಗೊತ್ತೈತವ್ವಾ."

ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಂದ ಬಿಡಿಸಿದಳು. ಆಮೇಲೆ ನನ್ನ ಕಿವಿಗೆ ಬಂದಳು.

"ಬಕಲ್ ಯಾವ ಕಡಿಂದ ಒತ್ತಬೇಕ್ರಿ?"

ಬಾಗೇವಾಡಿ ಹತ್ತಿರವಾಯಿತು. ರಸ್ತೆಗೆ ಅಡ್ಡ ಉಬ್ಬುಗಳು. ಗುರಣ್ಣ ಗಾಡಿ ನಿಧಾನ ಮಾಡಿದ, ಬಸ್ಸೂ ನಿಧಾನವಾಯಿತು. ಕನ್ನಡಿಯಲ್ಲಿ ಅವನ ಕಣ್ಣು ಅಲುಗಿತು. ನಾನು ಎರಡು ಸೀಟಿನ ನಡುವೆ ಮೈ ಚೆಲ್ಲಿ ಮುಂದೆ ಬಾಗಿದೆ. ನನ್ನ ಮೈ ಸಣ್ಣದಲ್ಲ. ಕನ್ನಡಿ ತುಂಬಿತು.

"ಕ್ಲಿಪ್ ಮುರದೈತಿ," ಎಂದು ಚೀರಿದೆ.

"ಏನ್ರಿ?"

"ಕ್ಲಿಪ್, ಕ್ಲಿಪ್!"

ಬೆನ್ನ ಹಿಂದೆ ಗಾಡಿ ಒಮ್ಮೆ ಹಗುರವಾಗಿ ಎದ್ದಂತಾಯಿತು. ಮುಂದಿನವರಿಗೆ ಏನೂ ಕೇಳಲಿಲ್ಲ. ಸೈಕಲ್ಲು ಕ್ಯಾರಿಯರ್ ಸಮೇತ ರಸ್ತೆಗೆ ಬಿದ್ದದ್ದು, ಬಸ್ಸು ಅದರ ಫ್ರೇಮಿಗೆ ಗುದ್ದಿದ್ದು, ಕ್ಯಾರಿಯರಿನ ಕಬ್ಬಿಣದ ಕೊಳವೆ ಎಗರಿ ಬಸ್ಸಿನ ಹೆಡ್‌ಲೈಟಿಗೆ ಬಡಿದದ್ದು... ಯಾವುದೂ ಕೇಳಲಿಲ್ಲ. ಬಸ್ಸಿನ ಹಾರ್ನ್ ಕೂಡ. ಒಳಗಿನದು ಹೊರಗೆ ಹೋಗದ ಗಾಡಿಯಲ್ಲಿ ಹೊರಗಿನದು ಒಳಗೂ ಬರುವುದಿಲ್ಲ.

ಅವರಿಗೆ ತಿಳಿದದ್ದು ಬಸ್ಸು ಬಲಗಡೆಯಿಂದ ನುಗ್ಗಿ ಬಂದು ರಸ್ತೆಗೆ ಅಡ್ಡ ನಿಂತಾಗ. ಗುರಣ್ಣ ಬ್ರೇಕ್ ತುಳಿದ.

ಲಾಕಿನ ಗುಂಡಿ ಮೇಲೆತ್ತಿದೆ. ಕಂಬಿ ಎಳೆದೆ.

ಬಾಗಿಲು ತೆರೆಯಿತು.

ಹುಡುಗಿಯ ರಟ್ಟೆ ಹಿಡಿದು ಹೊರಗೆ ಬಿದ್ದೆ. ಬಸ್ಸಿನಿಂದ ಡ್ರೈವರ್ ಇಳಿದ, ಕಂಡಕ್ಟರ್ ಇಳಿದ, ಹಿಂದೆಯೇ ಅರ್ಧ ಬಸ್ಸು ಇಳಿಯಿತು. ಬದುಕಿದೆವು ಎಂದುಕೊಂಡೆ.

"ಇವ ಈ ಹುಡುಗೀನ ಎತ್ತಿ ಹಾಕ್ಕೊಂಡು ಹೊಂಟಾನ," ಎಂದು ಕೂಗಿದೆ. "ಆಕಿಗಿ ಮನಸಿಲ್ಲದ ಲಗ್ನ ಐತಿ."

ರಾವಸಾಬ ಸಾವಕಾಶ ಇಳಿದ. ಅಂಗಿಯ ಮಡಿಕೆ ಸರಿಮಾಡಿಕೊಂಡ. ಕೈ ಮುಗಿದ.

"ನನ್ನ ಸ್ವಂತ ಅಕ್ಕನ ಮಗಳ್ರಿ. ನಾಳೆ ನಮ್ಮ ಲಗ್ನ. ಹುಡುಗಿ ಅಂಜ್ಯಾಳ, ಈ ಅಂಗಡಿ ಅಕ್ಕ ತಲಿ ಕೆಡಸ್ಯಾಳ."

ಗುಂಪಿನ ಮುಖ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಸಿಟ್ಟು ಇಳಿದು, ನಗು ಏರಿತು.

"ಸೋದರಮಾವ ಅಂದಮ್ಯಾಲ ಮುಗೀತು," ಎಂದ ತಲೆಗೆ ಪಟಗ ಸುತ್ತಿದ ಮುದುಕನೊಬ್ಬ. "ಮನಿ ಮಾತು ರೋಡಿಗಿ ತರಬಾರ್ದು. ಹೋಗವ್ವಾ, ಮಾವನ ಕೂಡ ಹೋಗು."

"ನಾ ಒಲ್ಲೆ ಅನ್ನಾಕತ್ತೇನ್ರಿ," ಎಂದಳು ಸುನೀತಾ.

"ಎಲ್ಲಾರೂ ಮದಲ ಹಂಗ ಅಂತಾರ," ಎಂದಳು ಒಬ್ಬ ಹೆಂಗಸು. ಪ್ರೀತಿಯಿಂದಲೇ ಅಂದಳು.

ರಾವಸಾಬ ಸೊಸೆಯ ಮಣಿಕಟ್ಟು ಹಿಡಿದ. ಯಾರೂ ತಡೆಯಲಿಲ್ಲ. ನಾನು ಅಡ್ಡ ಹೋದೆ. ಇಬ್ಬರು ಪ್ರಯಾಣಿಕರು ನನ್ನನ್ನೇ ಹಿಂದೆ ಸರಿಸಿದರು. "ನಿಮಗ ಯಾಕ ಬೇಕ್ರಿ, ಅಕ್ಕಾರ?" ಗುರಣ್ಣ ಹಿಂದಿನ ಬಾಗಿಲು ಹಿಡಿದು ನಿಂತಿದ್ದ. ಆ ಬಾಗಿಲಿಗಾದರೆ ಕಂಬಿ ಇತ್ತು. ಈ ಗುಂಪಿಗೆ ಎಲ್ಲಿ ಕೈ ಹಾಕುವುದು?

ಆಗ ಬಸ್ಸಿನ ಡ್ರೈವರ್ ಕಾರಿನ ಬಾನೆಟ್ಟಿನ ಮೇಲೆ ಕೈಯೂರಿದ.

"ಲಗ್ನಾನರೆ ಮಾಡ್ಕೊ, ಜಾತ್ರೀನರೆ ಮಾಡ್ಕೊ. ಮದಲ ನನ್ನ ಲೈಟಿಂದು ಹೇಳು."

ರಾವಸಾಬ ಕಿಸೆಗೆ ಕೈ ಹಾಕಿದ. "ತಗೋರಿ, ಹೊಸಾದು ಹಾಕಸ್ರಿ."

"ಕಿಸೆದಾಗ ಇಡು ಅದನ್ನ," ಎಂದ ಕಂಡಕ್ಟರ್. "ಸರ್ಕಾರಿ ಬಸ್ ಐತಿ ಇದು. ಪಂಚನಾಮಾ ಇಲ್ಲದ ಡಿಪೋಕ ಹೋದ್ರ ನಮ್ಮ ಪಗಾರದಾಗ ಮುರೀತಾರ."

ನನಗೆ ಕಂಬಿ ಸಿಕ್ಕಿತು.

"ಹೌದ್ರಿ," ಎಂದೆ, ಎಲ್ಲರಿಗೂ ಕೇಳುವಂತೆ. "ನಾ ಸಾಕ್ಷಿ. ಸೈಕಲ್ ಈ ಹುಡುಗೀದು, ಆಕೀನೂ ಸಾಕ್ಷಿ. ಇಬ್ಬರೂ ಇಲ್ಲದ ಪಂಚನಾಮಾ ಆಗಂಗಿಲ್ಲ. ಈ ಗಾಡಿ ಬಿಟ್ಟೀರಿ, ನಿಮ್ಮ ಪಗಾರ ಹೋತು."

ಕಂಡಕ್ಟರ್ ತೆರೆದಿದ್ದ ಮುಂದಿನ ಬಾಗಿಲಲ್ಲಿ ಕೈ ಹಾಕಿ ಕಾರಿನ ಚಾವಿ ಕಿತ್ತುಕೊಂಡ.

"ನಡೀರಿ ಬಾಗೇವಾಡಿ ಠಾಣೆಕ. ಎಲ್ಲಾರೂ ಬಸ್ ಹತ್ರಿ."

"ನಾಳೆ ಲಗ್ನ ಐತ್ರಿ ನಂದು," ಎಂದ ರಾವಸಾಬ. ದನಿ ಮೊದಲ ಸಲ ಒಡೆಯಿತು.

"ನನಗ ಇವತ್ತ ದವಾಖಾನಿ ಐತಿ," ಎಂದ ಅದೇ ಪಟಗದ ಮುದುಕ. "ಹುಡುಗಿ ಕೈ ಬಿಡು, ಜಲ್ದಿ ಹತ್ತು. ನಿನ್ನ ಸಲುವಾಗಿ ಎಷ್ಟ ಮಂದಿ ಬಿಸಲಾಗ ನಿಲ್ಲಬೇಕೋ?"

ಹುಡುಗಿಯ ಕೈ ಹಿಡಿದು ಎಳೆದರೆ ಅದು ಮನೆಯ ಮಾತು. ಬಸ್ಸಿನ ಲೈಟು ಒಡೆದರೆ ಸರ್ಕಾರದ ಮಾತು. ಅರ್ಧ ಡಜನ್ ಗಂಡಸರು ರಾವಸಾಬನನ್ನೂ ಗುರಣ್ಣನನ್ನೂ ನಡುವೆ ಕೂರಿಸಿಕೊಂಡರು.

ಠಾಣೆಯಲ್ಲಿ ಒಬ್ಬ ಮಹಿಳಾ ಪೊಲೀಸ್ ಇದ್ದರು. ಸುನೀತಾಳನ್ನು ಬೇರೆ ಕೋಣೆಗೆ ಕರೆದು, ನೀರು ಕೊಟ್ಟು ಕೇಳಿದರು.

"ಈ ಲಗ್ನಕ್ಕ ನಿನ್ನ ಒಪ್ಪಿಗಿ ಐತೇನವ್ವಾ?"

ಆ ದಿನ ಆ ಪ್ರಶ್ನೆಯನ್ನು ಅವಳಿಗೆ ಕೇಳಿದವರು ಅವರೊಬ್ಬರೇ.

"ಇಲ್ರೀ," ಎಂದಳು. ಅಂಗಳದಲ್ಲಿ ನಿಂತವರೂ ತಿರುಗಿ ನೋಡಿದರು.

ರಾವಸಾಬನನ್ನು ಒಳಗೆ ಕೂರಿಸಿದರು. ನಮ್ಮ ಫೋನುಗಳು ಬಂದವು. ಮೊದಲು ಸಿಂದಗಿಗೆ, ಮಗಳಿಗೆ ಫೋನ್ ಮಾಡಿದೆ. ನುಗ್ಗೆ ಗಿಡದ ಮನೆಯ ಬೆದರಿಕೆಯನ್ನೂ ಮಹಿಳಾ ಪೊಲೀಸರಿಗೆ ಬರೆಸಿದೆ.

ಪಂಚನಾಮೆಗೆಂದು ಎತ್ತಿ ತಂದಿದ್ದ ಸೈಕಲ್ಲಿನ ಫ್ರೇಮ್ ಎರಡು ತುಂಡಾಗಿತ್ತು. ಅವಳು ಠಾಣೆಯ ಅಂಗಳದಲ್ಲಿ ಕೂತು ಅದನ್ನು ಸವರಿದಳು. ಅಳಲಿಲ್ಲ. ಚಕ್ರಗಳನ್ನು ಬಿಚ್ಚಿ, ಒಂದೊಂದನ್ನೇ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಸೊಟ್ಟ ಆಗಿಲ್ರಿ. ಗೆಳತಿ ಕೋಮಲ ಹುಬ್ಬಳ್ಯಾಗ ಅದಾಳ, ಆಕಿ ಹಂತ್ಯಾಕ ಹಳೇ ಫ್ರೇಮ್ ಐತಿ. ಇವನ್ನ ಹಾಕ್ಕೋತೇನಿ."

"ಓಡಸ್ತಿ?"

"ಸಿಕ್ಕಾಪಟ್ಟೆ ಸಿಟ್ಟ ಐತ್ರಿ. ಓಡಸ್ತೇನಿ."

ಹುಬ್ಬಳ್ಳಿ ಬಸ್ಸಿಗೆ ಅವಳನ್ನು ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು, ಮಡಿಲಲ್ಲಿ ಎರಡು ಚಕ್ರ. ಆ ಬಸ್ಸಿನ ಕಂಡಕ್ಟರ್ ಅವಳ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಆಮೇಲೆ ಚಕ್ರಗಳತ್ತ ಬೆರಳು ತೋರಿಸಿ ನನ್ನ ಕಡೆ ಕೈಯೊಡ್ಡಿದ.

ನಮ್ಮ ನಾಡಿನಲ್ಲಿ ಹೆಣ್ಣುಮಗಳು ಎಲ್ಲಿಗೆ ಬೇಕಾದರೂ ಪುಕ್ಕಟೆ ಹೋಗಬಹುದು. ಅವಳ ಚಕ್ರಕ್ಕೆ ಮಾತ್ರ ಲಗೇಜ್ ಚಾರ್ಜು ಬೀಳುತ್ತದೆ.